ಓರಗಿತ್ತಿಯ ಬಿಳಿ ಕಾರು, ನನ್ನ ಮೇಣದ ಡಬ್ಬಿ

ಯಜಮಾನರು ತೀರಿಕೊಂಡ ವರ್ಷವೇ ಮನೆ ಪಾಲಾಯಿತು. ಆಗ ನನ್ನ ಹಿರಿ ಓರಗಿತ್ತಿ ತಿಪಟೂರಿನ ಅರ್ಧ ಬೀದಿಗೆ ಕೇಳುವಂತೆ ಹೇಳಿದಳು: "ಇವಳ ಕೈಲಿ ಏನಾಗುತ್ತೆ? ಕಾಯಿ ಸುಲಿಯೋಕೂ ಒಬ್ಬ ಗಂಡಸು ಬೇಕು. ಆರು ತಿಂಗಳು ನೋಡ್ರಿ, ನಮ್ಮ ಬಾಗಿಲಿಗೇ ಬತ್ತಾಳೆ."

ಬಾಗಿಲಿಗೆ ಹೋದದ್ದು ನಿಜ. ಆದರೆ ಅವಳ ಕಾರು ನೋಡುವುದಕ್ಕೆ ಹೋದೆ. ಹೊಟ್ಟೆಕಿಚ್ಚಿನವರಿಗೆ ನಗೆಪಾಟಲಾಗುವ ಪ್ರಸಂಗಗಳಿಗೆ ಎಂದೂ ಬರವಿಲ್ಲ. ಒಂದರ ನಗು ಅಡಗುವುದರೊಳಗೆ ಇನ್ನೊಂದು ಬಂದು ಜಗುಲಿಯಲ್ಲಿ ಕೂತಿರುತ್ತದೆ.

ಕಡ್ಡಿ ಪೊರಕೆ ಕಟ್ಟಿ ಮಾರಿ, ಆಮೇಲೆ ಕಾಯಿ ಕೊಂಡು ಅಟ್ಟಕ್ಕೆ ತುಂಬಿ, ಕೊಬ್ಬರಿ ಮಾರಿ ಮೇಲೆದ್ದವಳು ನಾನು. ಆ ದುಡ್ಡಿನಲ್ಲಿ ತುರುವೇಕೆರೆಯ ಡಾಕ್ಟರೊಬ್ಬರ ಹಳೇ ಅಂಬಾಸಿಡರ್ ಕೊಂಡೆ. ಕಾಗದದಲ್ಲಿ ಬಣ್ಣ ಕಡು ನೀಲಿ. ಕಣ್ಣಿಗೆ ಕಾಣುತ್ತಿದ್ದದ್ದು ಬೂದುಗುಂಬಳಕಾಯಿ. ಓರಗಿತ್ತಿಯದೂ ಅಂಬಾಸಿಡರೇ. ಆದರೆ ಹೊಸದು, ಹಾಲಿನಂಥ ಬಿಳಿ. ಎರಡೂ ಮದುವೆಗೆ ಬಾಡಿಗೆ ಹೋಗಬೇಕಾದ ಕಾರುಗಳು. ಮದುವೆಯವರು ಎಂಜಿನ್ ಕೇಳುವುದಿಲ್ಲ, ಹೊಳಪು ನೋಡುತ್ತಾರೆ. ಹಾಗಾಗಿ ಮದುವೆಗಳೆಲ್ಲ ಅವಳ ಪಾಲು. ನನ್ನ ಹತ್ತಿರ ಆಸ್ಪತ್ರೆಯಿಂದ ಹೆಣ ಸಾಗಿಸಲು ಬಂದವರೂ "ಬೇರೆ ಇಲ್ವಾ ಅಮ್ಮ?" ಎಂದು ಕೇಳುತ್ತಿದ್ದರು.

ಒಂದು ದಿನ ಹೆಪ್ಪು ಕೇಳುವ ನೆಪದಲ್ಲಿ ಹೋಗಿ ಕೇಳಿಯೇಬಿಟ್ಟೆ: "ಅಕ್ಕಾ, ಕಾರಿಗೆ ಏನು ಹಚ್ತೀರಿ?"

"ಏನೂ ಇಲ್ಲ ಕಣೇ. ಹುಟ್ಟು ಹೊಳಪು. ಸೆಕೆಂಡ್ ಹ್ಯಾಂಡ್ ಮಾಲಿಗೆ ಅದು ಎಲ್ಲಿಂದ ಬರಬೇಕು?"

ನಾನು ನಂಬಲಿಲ್ಲ. ಅವತ್ತು ರಾತ್ರಿ ಆ ಹೆಪ್ಪಿನಿಂದ ಹಾಲೂ ಹೆಪ್ಪುಗಟ್ಟಲಿಲ್ಲ.

ಬೋಂಡ

ನಮ್ಮ ಸೀಮೆಯಲ್ಲಿ ತಲೆಗೆ, ಮಗುವಿನ ಮೈಗೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಕಾರು ಏನು ಪಾಪ ಮಾಡಿತ್ತು? ಎರಡು ಸೇರು ಎಣ್ಣೆ ಹಚ್ಚಿ ತಿಕ್ಕಿಸಿದೆ. ನೀಲಿ ಎದ್ದು ನಿಂತಿತು. ಬೀದಿಯವರು ಬಂದು ನೋಡಿದರು. ಓರಗಿತ್ತಿ ಕಿಟಕಿಯಿಂದ ನೋಡಿದಳು. ಅಂದು ನಾನು ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಅದೇ ವಾರ ಹುಳಿಯಾರಿನ ಕಡೆಯ ಮದುವೆಯೊಂದು ಸಿಕ್ಕಿತು. ಬೇಸಿಗೆ, ಮಣ್ಣಿನ ರಸ್ತೆ, ಎಣ್ಣೆಗೆ ಅಂಟುವ ಧೂಳು. ಡ್ರೈವರ್ ಲಾರಿ ಓಡಿಸಿ ಸಾಕಾಗಿ ನನ್ನಲ್ಲಿಗೆ ಬಂದಿದ್ದ ಹಿರಿಯ. ಅವನು ಹೋಗಿ ಚಪ್ಪರದ ಮುಂದೆ ನಿಲ್ಲಿಸಿದರೂ ಮದುವೆಯವರು "ನೀಲಿ ಕಾರು ಇನ್ನೂ ಬಂದಿಲ್ಲವಲ್ಲ" ಎಂದು ರಸ್ತೆ ನೋಡುತ್ತಲೇ ಇದ್ದರಂತೆ. ಇವನು ಟವಲಿನಿಂದ ಬಾಗಿಲ ಮೇಲೆ ಒಂದು ಗೀಟು ಒರೆಸಿ, "ಇದೇ ಕಣ್ರೀ, ನೋಡಿ, ಒಳಗೆ ನೀಲಿ ಐತೆ" ಎಂದನಂತೆ.

ಮರುದಿನ ಹೆಣ್ಣಿನ ತಂದೆ ಖುದ್ದು ನಮ್ಮ ಮನೆಗೆ ಬಂದರು. ಬೈಯಲಿಲ್ಲ. ಕೈಮುಗಿದು ಹೇಳಿದರು: "ನಾವು ಕಾರು ಕೇಳಿದ್ವಿ ಅಮ್ಮಾವ್ರೆ. ನೀವು ಬೋಂಡ ಕಳಿಸಿದ್ರಿ."

ಮೇಣದ ಬತ್ತಿ

"ಬೆಂಗಳೂರಿನ ಗ್ಯಾರೇಜಲ್ಲಿ ಮೇಣ ಹಾಕ್ತಾರೆ ಅಮ್ಮಾವ್ರೆ" ಎಂದ ಡ್ರೈವರ್. ಎಂಥ ಮೇಣ ಎಂದು ಕೇಳುವಷ್ಟು ತಾಳ್ಮೆ ನನಗೆಲ್ಲಿ? ಎದುರಿಗೆ ಆ ಬಿಳಿ ಕಾರು ಹೂವಿನ ಹಾರ ಹಾಕಿಕೊಂಡು ಹೊರಟಿತ್ತು. ಕರೆಂಟು ಹೋದಾಗ ಹಚ್ಚಲು ಇಟ್ಟಿದ್ದ ಬತ್ತಿಗಳನ್ನೆಲ್ಲ ಪಾತ್ರೆಯಲ್ಲಿ ಕರಗಿಸಿ, ಸುಣ್ಣದ ಬ್ರಷ್ಷಿನಿಂದ ಬಳಿದೆ. ಬಳಿದಲ್ಲೇ ಗಟ್ಟಿಯಾಯಿತು. ಬಾನೆಟ್ಟಿನ ತುಂಬ ಬಿಳಿ ಹೊಪ್ಪಳೆ. ಮೂರು ದಿನ ಕಾಯಿಚಿಪ್ಪಿನಲ್ಲಿ ಕೆರೆದೆವು.

ಕೆರೆಯುತ್ತ ಕೆರೆಯುತ್ತ ಡ್ರೈವರ್ ಅಂದ: "ಬುಡಿ ಅಮ್ಮಾವ್ರೆ. ಮಧ್ಯಕ್ಕೆ ಒಂದು ಬತ್ತಿ ಸಿಕ್ಕಿಸಿದ್ರೆ ಬೀದಿಗೆಲ್ಲ ಬೆಳಕಾಯ್ತದೆ."

ಅಂಗಡಿಯವನ ಸ್ಕೂಟರು

ಕೊನೆಗೆ ನಾನೇ ಬೆಂಗಳೂರಿಗೆ, ಕಾರಿನ ಸಾಮಾನಿನ ಅಂಗಡಿಗೆ ಹೋದೆ. ಓದು ಬರಹ ನಾನು ಶಾಲೆಯಲ್ಲಿ ಕಲಿತದ್ದಲ್ಲ. ಕನ್ನಡ ಕಲಿತದ್ದು ಕೊಬ್ಬರಿ ಚೀಲದ ಮೇಲಿನ ಅಕ್ಷರದಿಂದ, ಇಂಗ್ಲಿಷ್ ಕಲಿತದ್ದು ಬಿಸ್ಕತ್ತಿನ ಪೊಟ್ಟಣದಿಂದ. ಡಬ್ಬಿಯ ಮೇಲಿನದನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರೆ ಅಂಗಡಿಯವನಿಗೆ ಅವಸರ.

"ಯಾರಾದ್ರೂ ಗಂಡಸರನ್ನ ಕಳ್ಸಿ ಅಮ್ಮ. ಇದು ನಿಮಗೆ ತಿಳಿಯೋದಲ್ಲ."

ಅಲ್ಲಿಂದ ನಾನು ಜಗ್ಗಲಿಲ್ಲ. ಮೂರು ಡಬ್ಬಿ ತೆಗೆಸಿದೆ. ಕೊಬ್ಬರಿಯನ್ನು ಅಲ್ಲಾಡಿಸಿ, ತಟ್ಟಿ, ಮೂಸಿ ಕೊಳ್ಳುವವರು ನಾವು. ಇವನ್ನೂ ಹಾಗೇ ನೋಡಿದೆ. ಮೊದಲನೆಯದು ಬೆರಳಿಗೆ ಸಣ್ಣ ಮರಳಿನಂತೆ ತಾಗಿತು. ಪಾತ್ರೆಗೆ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುವಂತೆ ಇದು ಹಳೇ ಬಣ್ಣದ ಕೊಳೆ ತೆಗೆಯುವುದು. ಆದರೆ ದಿನಾ ತಿಕ್ಕಿದರೆ ಬಣ್ಣವೇ ಉಳಿಯದು. ಎರಡನೆಯದು ನೀರು ನೀರು, ಘಮ ಘಮ. ಮೂರನೆಯದು ಬೆಲ್ಲದ ಅಚ್ಚಿನಂತೆ ಗಟ್ಟಿ, ಹಳದಿ.

"ಯಾವುದು ನಿಲ್ಲುತ್ತೆ?"

"ಎಲ್ಲಾ ಒಳ್ಳೇದೇ ಅಮ್ಮ."

ಎಲ್ಲ ಒಳ್ಳೆಯದು ಎನ್ನುವ ವ್ಯಾಪಾರಿಯನ್ನು ನಾನು ನಂಬುವುದಿಲ್ಲ. ಅಂಗಡಿ ಮುಂದೆ ಅವನ ಸ್ಕೂಟರಿತ್ತು. ಮೊದಲು ಒಂದು ಕಡೆ ತಿಕ್ಕಿ ಕೊಳೆ ತೆಗೆದೆ. ಅದರ ಅರ್ಧಕ್ಕೆ ಎರಡನೆಯದು, ಇನ್ನರ್ಧಕ್ಕೆ ಮೂರನೆಯದು ಹಚ್ಚಿ, ಒಣಗಿದ ಮೇಲೆ ಸೆರಗಿನಿಂದ ಒರೆಸಿ ನೀರು ಸುರಿದೆ. ಮೂರನೆಯದರ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳಿತು. ಮೊದಲನೆಯದನ್ನೂ ಮೂರನೆಯದನ್ನೂ ಕೊಂಡು ಹೊರಟೆ.

ಅವನು ಹಿಂದೆಯೇ ಓಡಿಬಂದ. ಮಾಸಲು ಸ್ಕೂಟರಿನ ಮೇಲೆ ಅಂಗೈ ಅಗಲ ಮಾತ್ರ ಕನ್ನಡಿ. "ಅಮ್ಮಾ! ಉಳಿದಿದ್ದು?"

"ಅಂಗಡಿ ನಿಮ್ಮದೇ ಅಲ್ವಾ? ಒಂದು ಡಬ್ಬಿ ಕೊಂಡ್ಕೊಳ್ಳಿ."

ನಾಸ್ತಿಕ

ಎಂಟು ಬೆಳಗು ನಾನೂ ಡ್ರೈವರೂ ತಿಕ್ಕಿದೆವು. ಆಯುಧಪೂಜೆಯ ದಿನ ಬೀದಿಯ ಗಾಡಿಗಳೆಲ್ಲ ಸಾಲಾಗಿ ನಿಂತಾಗ ನನ್ನ ಬಾನೆಟ್ಟಿನಲ್ಲಿ ತೆಂಗಿನ ಗರಿ ಗರಿಯೂ ಕಾಣುತ್ತಿತ್ತು. ಓರಗಿತ್ತಿ ಅದರಲ್ಲೇ ತನ್ನ ತುರುಬು ಸರಿಮಾಡಿಕೊಂಡಳು. ಆಮೇಲೆ ಎಚ್ಚರವಾಗಿ ಮುಖ ತಿರುಗಿಸಿದಳು.

ಕೊಬ್ಬರಿ ಮಂಡಿಯ ಸಾಹುಕಾರರೂ ಬಂದಿದ್ದರು. ಎಂಟು ದಿನಕ್ಕೆ ಅವರ ಮಗಳ ನಿಶ್ಚಿತಾರ್ಥ. ಹುಳಿಯಾರಿನಿಂದ ಗಂಡನ್ನು ಯಾವ ಕಾರು ಕರೆತರುವುದೋ ಮದುವೆಗೂ ಅದೇ. ಸಾಹುಕಾರರು ಹಿಡಿದ ಕಾರನ್ನೇ ಊರೂ ಹಿಡಿಯುತ್ತದೆ.

ಅಯ್ಯನವರು ವಿಭೂತಿ ಕಲಸಿ ಮೂರು ಬೆರಳಿನಿಂದ ನನ್ನ ಬಾನೆಟ್ಟಿಗೆ ಎಳೆದರು. ವಿಭೂತಿ ಹನಿಹನಿಯಾಗಿ ಜಾರಿ ನೆಲಕ್ಕೆ ಬಿತ್ತು. ಮತ್ತೆ ಎಳೆದರು. ಮತ್ತೆ ಜಾರಿತು. ಅರಿಶಿನವೂ ನಿಲ್ಲಲಿಲ್ಲ.

"ಇದು ಒಪ್ತಾ ಇಲ್ಲವಲ್ಲ ತಾಯಿ" ಎಂದರು ಅಯ್ಯನವರು.

"ಶಿವನ ವಿಭೂತಿಗೇ ಜಾಗ ಕೊಡದ ಕಾರು ಮದುವೆ ಹೆಣ್ಣಿಗೆ ಕೊಡುತ್ತಾ?" ಎಂದಳು ಓರಗಿತ್ತಿ. ಅವಳ ಬಿಳಿ ಕಾರಿನ ಮೇಲೆ ವಿಭೂತಿಯೂ ನಿಂತಿತು, ಅಂಗೈ ಅಗಲದ ಅರಿಶಿನದ ಪಟ್ಟೆಗಳೂ ನಿಂತವು. ಸಾಹುಕಾರರು ಗಂಡಿಗೆ ಬಿಳಿ ಕಾರು ಗೊತ್ತುಮಾಡಿದರು. ನನ್ನದನ್ನು ಅದರ ಹಿಂದೆ ಗಂಡಿನ ಮನೆಗೆ ಬಾಳೆಗೊನೆ ಹೊರಲು ಹೇಳಿದರು.

ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದೆವು. ಡ್ರೈವರ್ ಸಮಾಧಾನ ಹೇಳಿದ: "ಏನ್ ಮಾಡೋದು ಅಮ್ಮಾವ್ರೆ, ನಮ್ಮದು ನಾಸ್ತಿಕ ಕಾರು."

ಅರಿಶಿನ

ನಿಶ್ಚಿತಾರ್ಥದ ಬೆಳಿಗ್ಗೆ ಓರಗಿತ್ತಿಯ ಗಂಡ, ನಮ್ಮ ಭಾವ, ಬಿಳಿ ಕಾರು ತೊಳೆದರು. ಏನೂ ಹಚ್ಚದೆ ಹೊಸದರ ಹೊಳಪು ಅಷ್ಟರಲ್ಲೇ ಮಾಸಿ ಬಣ್ಣ ಸುಣ್ಣದ ಗೋಡೆಯಂತಾಗಿತ್ತು. ಅರಿಶಿನ ಒಳಗೆ ಇಳಿದುಬಿಟ್ಟಿತ್ತು. ಭಾವ ಬಟ್ಟೆ ಸೋಪು ಹಾಕಿ ತಿಕ್ಕಿದರು. ಅರಿಶಿನಕ್ಕೆ ಸೋಪು ತಾಗಿದರೆ ರಕ್ತದ ಬಣ್ಣ ಬರುತ್ತದೆ ಎಂದು ಬಟ್ಟೆ ಒಗೆದ ಯಾವ ಹೆಂಗಸಿಗೂ ಗೊತ್ತು. ತೊಳೆದವರು ಭಾವ.

ತಿಕ್ಕಿದಷ್ಟೂ ಕೆಂಪು ಬಂಪರಿನ ತನಕ ಇಳಿಯಿತು. ಹೊತ್ತಾಗಿತ್ತು, ಗಂಡನ್ನು ಕರೆತರಲು ಹಾಗೇ ಹುಳಿಯಾರಿಗೆ ಹೊರಟರು. ಹಿಂದೆ ನಾನು, ಡ್ರೈವರ್, ಬಾಳೆಗೊನೆಗಳು, ಸಾಹುಕಾರರ ತಮ್ಮ.

ಹಂದನಕೆರೆ ದಾಟುವಾಗ ಪೊಲೀಸಿನವನೊಬ್ಬ ಬಿಳಿ ಕಾರಿಗೆ ಕೈ ಅಡ್ಡ ಹಿಡಿದ. ಬಾನೆಟ್ ನೋಡಿದ, ಬಂಪರ್ ನೋಡಿದ, ಚಕ್ರದಡಿ ಬಗ್ಗಿ ನೋಡಿದ.

"ಯಾರಿಗೆ ಗುದ್ದಿದೆ?"

"ಯಾರಿಗೂ ಇಲ್ಲ ಸ್ವಾಮಿ" ಎಂದರು ಭಾವ. "ಅದು ಅರಿಶಿನ."

"ಅರಿಶಿನ ಕೆಂಪಗಿರ್ತದಾ?"

"ಸೋಪು ಹಾಕಿ ತೊಳ್ದೆ ಸ್ವಾಮಿ."

"ಓಹೋ! ತೊಳೆದೂ ಆಯ್ತು!"

ಭಾವ ಗಾಬರಿಯಾದರು. "ಹಂಗಲ್ಲ ಸ್ವಾಮಿ, ಪೂಜೆ ಮಾಡಿದ್ವಿ..."

"ಗುದ್ದಿ, ಪೂಜೆನೂ ಮಾಡಿದೀರಾ?"

ಸಾಹುಕಾರರ ತಮ್ಮ ಎರಡು ಕಾರನ್ನೂ ನೋಡಿದರು. "ಅಮ್ಮಾವ್ರೆ, ಬಾಳೆಗೊನೆ ಇಳಿಸಿ" ಎಂದರು. ಹೊರಡುವಾಗ ಹಿಂತಿರುಗಿ ನೋಡಿದೆ. ಭಾವ ಗೊನೆಗಳ ನಡುವೆ ನಿಂತು ಹೇಳಿಕೆ ಕೊಡುತ್ತಿದ್ದರು.

ಸಾಹುಕಾರರ ಮಗಳ ಮದುವೆಯ ಬಾಡಿಗೆ ನನ್ನದಾಯಿತು. ಅದರ ಹಿಂದೆ ಊರಿನದೂ ಬಂತು.

ಈಗ ನನ್ನ ಬಳಿ ಎರಡು ಅಂಬಾಸಿಡರ್, ಒಂದು ಶೆಡ್ಡು, ಹಳದಿ ಮೇಣದ ಆರು ಡಬ್ಬಿ ಇವೆ. ತೆತ್ತದ್ದು ಇಷ್ಟು: ತಿಕ್ಕಿ ತಿಕ್ಕಿ ಬಲಗೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ, ಮತ್ತು ಓರಗಿತ್ತಿಯ ಮನೆಯಿಂದ ಯುಗಾದಿಗೆ ಒಬ್ಬಟ್ಟು ಬರುವುದಿಲ್ಲ. ಅವಳಷ್ಟು ತೆಳ್ಳಗೆ ತಟ್ಟಲು ನನಗೆ ಇನ್ನೂ ಬಂದಿಲ್ಲ.