ಬಸ್ ಇದೆ

ಒರೆಸ್ಟ್ ಆ ದಿನ ಅತ್ತೆ ಹೆಣೆದುಕೊಟ್ಟ ಉಣ್ಣೆಯ ಸ್ವೆಟರ್ ಹಾಕಿಕೊಂಡು ಶಾಲೆಗೆ ಬಂದದ್ದೇ ಎಲ್ಲ ಅನರ್ಥಕ್ಕೂ ಮೂಲ. ಹಳದಿ, ಕಂದು, ಕಿತ್ತಳೆ ಬಣ್ಣಗಳು ಮೈತುಂಬ ಜಗಳವಾಡುತ್ತಿದ್ದ ಆ ಸ್ವೆಟರ್ ಅದೃಷ್ಟದ್ದೆಂದು ಅವನ ನಂಬಿಕೆ. ಶಾಲೆ ಬಿಟ್ಟ ಕೂಡಲೇ ಊರಿನ ಕರ್ಲಿಂಗ್ ಫೈನಲ್. ವರ್ಷಗಟ್ಟಲೆ ಸೋತ ಅವನ ತಂಡ ಈ ಸಲ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುತ್ತಾ, ಅದರ ಮುಂದೆ ಪೊರಕೆಯಾಡಿಸುತ್ತಾ ಕೊನೆಯ ಆಟದವರೆಗೂ ಬಂದಿತ್ತು. ನಾಯಕ ಅವನೇ.

ಆಟಿಸಂ ಇರುವ ಪುಟ್ಟ ಮಕ್ಕಳ ತರಗತಿಯಲ್ಲಿ ಒರೆಸ್ಟ್ ಸಹಾಯಕ. ಅಲ್ಲಿ ದಿನ ಸಾಗುವುದು ಗೋಡೆಯ ಪಟ್ಟಿಗೆ ವೆಲ್ಕ್ರೋದಿಂದ ಅಂಟಿಸಿದ ಚಿತ್ರಗಳ ಪ್ರಕಾರ: ಹಾಡು, ತಿಂಡಿ, ಮರಳಾಟ, ಕೊನೆಗೆ ಬಸ್ಸು. ಚಿತ್ರವಿದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಆರು ವರ್ಷದ ಟೋಬಿನ್‌ಗೆ ಈ ಕಾನೂನು ಕಲಿಸಿದವನು ಒರೆಸ್ಟನೇ.

ಊಟವಾದ ಮೇಲೆ ನೋಡಿದರೆ ಬಸ್ಸಿನ ಚಿತ್ರ ಮಾಯ.

ಒರೆಸ್ಟ್ ಡಬ್ಬಿಗಳನ್ನು ಬೋರಲು ಹಾಕಿದ, ಚಾಪೆಗಳ ಕೆಳಗೆ ತೆವಳಿದ. ಟೋಬಿನ್ ಬ್ಯಾಗು ಹಾಕಿಕೊಂಡು ಅವನ ಬೆನ್ನ ಹಿಂದೆಯೇ ನಡೆದ.

"ನೋಡಪ್ಪಾ, ನಿನ್ನ ಬಿಟ್ಟಿರೋಕೇ ಆಗ್ತಿಲ್ಲ ಅವನಿಗೆ," ಎಂದಳು ಆಫೀಸಿನ ಡಾರ್ಲೀನ್. ಒರೆಸ್ಟ್ ಉಬ್ಬಿಹೋದ.

ಡಾರ್ಲೀನ್ ತಾನೇ ಒಂದು ಬಸ್ಸು ಬರೆದುಕೊಟ್ಟಳು. ಟೋಬಿನ್ ಅದನ್ನು ದಿಟ್ಟಿಸಿ ನೋಡಿ, "ಬ್ರೆಡ್," ಎಂದ. ಕೂಡಲೇ ಇಡೀ ತರಗತಿ ಕೈ ತೊಳೆದು ತಿಂಡಿಯ ಮೇಜಿಗೆ ಬಂದು ಕೂತಿತು. ಶಾಲೆ ಗುಡಿಸುವ, ಬಸ್ಸನ್ನೂ ಓಡಿಸುವ ಲೈಲ್, "ಚಕ್ರ ಹಾಕಿದ್ರೆ ಸರಿಹೋಗುತ್ತೆ ಬಿಡು," ಎಂದು ನಾಲ್ಕು ಸೊನ್ನೆ ಸುತ್ತಿದ. ಈಗ ಅದು ಓಡಾಡುವ ಬ್ರೆಡ್ಡಾಯಿತು.

ಗಂಟೆ ಹೊಡೆಯಿತು. ಟೋಬಿನ್‌ನ ಬೂಟು ಕಟ್ಟಲು ಬಗ್ಗಿದ ಟೀಚರ್ ಫ್ರೀಸನ್ ಹಾಗೇ ನಿಂತುಬಿಟ್ಟರು.

"ಒರೆಸ್ಟ್, ಸ್ವಲ್ಪ ತಿರುಗಿ. ಬಸ್ಸು ನಿಮ್ಮ ಸೊಂಟದ ಮೇಲೇ ನಿಂತಿದೆಯಲ್ಲ!"

ವೆಲ್ಕ್ರೋದ ಸಣ್ಣ ಕೊಕ್ಕೆಗಳಿಂದ ಹಳದಿ ಉಣ್ಣೆಗೆ ಹಳದಿ ಬಸ್ಸು ಕಚ್ಚಿಕೊಂಡಿತ್ತು. ದೊಡ್ಡವರ ಕಣ್ಣಿಗೆ ಬೀಳದ ಅದು ಟೋಬಿನ್‌ನ ಮುಖದ ಎದುರಿಗೇ ಇತ್ತು. ಒರೆಸ್ಟ್ ಅದನ್ನು ಕಿತ್ತು ಪಟ್ಟಿಗೆ ಅಂಟಿಸಿ, ಬದುಕಿದೆ ಎಂದುಕೊಂಡು ಆಟದ ಪೊರಕೆ ಹೆಗಲಿಗೇರಿಸಿದ.

ಟೋಬಿನ್ ಸ್ವೆಟರಿನ ಅಂಚು ಹಿಡಿದ. "ಬಸ್."

"ಬಸ್ ಹೊರಗಿದೆ ಕಣೋ, ಪುಟ್ಟಾ."

"ಒರೆಸ್ಟ್ ಬಸ್."

ಮಧ್ಯಾಹ್ನವೆಲ್ಲ ಚಿತ್ರ ಯಾರ ಮೇಲಿತ್ತೋ ಅವನೇ ಬಸ್ಸು. ಹುಡುಗನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ.

ಹೊರಗಿನಿಂದ ಲೈಲ್ ಹಾರ್ನ್ ಒತ್ತಿದ. "ಏನಯ್ಯಾ, ಹತ್ತೋದಾದ್ರೆ ಇಬ್ರೂ ಹತ್ತಿ!"

ಒರೆಸ್ಟ್ ಹತ್ತಿದ. ಅಂಚು ಹಿಡಿದುಕೊಂಡು ಟೋಬಿನ್ನೂ ಸಲೀಸಾಗಿ ಹತ್ತಿದ. ಅವನ ಮನೆ ಗೋಧಿ ಉಗ್ರಾಣಗಳ ಆಚೆ, ಕಟ್ಟಕಡೆಯ ನಿಲ್ದಾಣ. ಕರ್ಲಿಂಗ್ ಅಂಗಳದ ದೀಪಗಳು ಕಿಟಕಿಯಾಚೆ ಹಿಂದೆ ಸರಿದಾಗ ಒರೆಸ್ಟನಿಗೆ ಅಳುವೇ ಬಂತು. ಅವನಿಲ್ಲದ ತಂಡ ಆ ಸಂಜೆ ಗೆದ್ದಿತು ಎಂಬುದು ಇನ್ನೂ ದೊಡ್ಡ ಸಂಕಟ.

ಮರುದಿನ ಅವನು ಸಾದಾ ಅಂಗಿ ತೊಟ್ಟು, ಮೈಯನ್ನೆಲ್ಲ ತಡವಿ ನೋಡಿಕೊಂಡು ಒಳಗೆ ಬಂದ. ಟೀಚರ್ ಫ್ರೀಸನ್ ಪಟ್ಟಿಯ ಕೊನೆಗೆ, ಬಸ್ಸಿನ ಜಾಗದಲ್ಲಿ, ಹೊಸ ಚಿತ್ರ ಅಂಟಿಸುತ್ತಿದ್ದರು. ಅದರಲ್ಲಿ ಸ್ವೆಟರ್ ತೊಟ್ಟ ಒರೆಸ್ಟ್ ಹಲ್ಲು ಕಿರಿಯುತ್ತಿದ್ದ.

"ಟೋಬಿನ್‌ನ ಅಮ್ಮನಿಗೆ ತುಂಬಾ ಖುಷಿ. ಇಷ್ಟು ಸಲೀಸಾಗಿ ಅವನು ಯಾವತ್ತೂ ಮನೆಗೆ ಬಂದಿರಲಿಲ್ಲವಂತೆ. ಇನ್ಮೇಲೆ ದಿನಾ ಹೀಗೇ ಮಾಡೋಣ," ಎಂದರು.

ಟೋಬಿನ್ ಪಟ್ಟಿ ನೋಡಿದ, ಒರೆಸ್ಟನನ್ನು ನೋಡಿದ, ನೆಮ್ಮದಿಯಿಂದ ಹೇಳಿದ: "ಬಸ್ ಇದೆ."