ಅಪ್ಪನ ಇಂಗ್ಲಿಷಿಗೆ ಹತ್ತಕ್ಕೆ ಎರಡು

ಹತ್ತಕ್ಕೆ ಎರಡು! ಕಾಂತರಾಜು ಮಗಳ ನೋಟ್ಸನ್ನು ದೂರ ಹಿಡಿದು ನೋಡಿದ, ಕನ್ನಡಕ ಒರೆಸಿಕೊಂಡು ಹತ್ತಿರ ಹಿಡಿದು ನೋಡಿದ. ಎರಡು ಎರಡಾಗಿಯೇ ಕುಳಿತಿತ್ತು. ಎಂಟನೇ ಕ್ಲಾಸಿನ ಕವನಳಿಗೆ ಎರಡು ಬಂದಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದ. ಆದರೆ ಈ ಎರಡು ಬಂದದ್ದು ಸಾಕ್ಷಾತ್ ಅವನಿಗೇ. ಆ ಹೋಂವರ್ಕನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಬರೆಸಿದವನು ಅವನು. (ಮಗಳು ನಡುವೆ ಒಮ್ಮೆ ಬಾಯಿ ತೆರೆದದ್ದುಂಟು. "ನಾನ್ ಹೇಳ್ದಂಗೆ ಬರಿ, ಯೋಚ್ನೆ ಮಾಡ್ಬೇಡ" ಎಂದು ಮುಚ್ಚಿಸಿದ್ದ.)

ನಂಜನಗೂಡಿನ ಆ ಮನೆಯಲ್ಲಿ ಇಂಗ್ಲಿಷ್ ಖಾತೆ ಯಾವತ್ತೂ ಕಾಂತರಾಜುವಿನದ್ದು. ಅವನು ತಿ. ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಓಡಾಟ. ಸಾರಿಗೆ ಉಪ್ಪು ಕಮ್ಮಿ ಎಂದರೂ ಕೇಳುವವರಿಲ್ಲದ ಮನೆಯಲ್ಲಿ ಅವನ ಮಾತಿಗೆ ಬೆಲೆ ಇದ್ದದ್ದು ಇದೊಂದೇ ಖಾತೆಯಲ್ಲಿ. ಇಂಗ್ಲಿಷಿನ ಚೂರುಪಾರು ಏನೇ ಬಂದರೂ ಹೆಂಡತಿ ಇಂದ್ರಾಣಿ "ರೀ, ಇದೇನು ನೋಡ್ರಿ" ಎಂದು ಮುಂದೆ ಹಿಡಿಯುತ್ತಿದ್ದಳು. ಆಗ ಅವನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ಈಗ ಅದಕ್ಕೂ ಕೆಂಪು ಶಾಯಿ ಬಿದ್ದಿತ್ತು.

ಪಾಠ ಕ್ವೆಶ್ಚನ್ ಟ್ಯಾಗ್. ಒಂದು ಮಾತು ಹೇಳಿ, ಕೇಳುವವರು ಹೂಂ ಅನ್ನಲಿ ಎಂದು ಕೊನೆಗೆ ಪ್ರಶ್ನೆಯ ಬಾಲ ಅಂಟಿಸುವ ವಿದ್ಯೆ. ಕಾಂತರಾಜು ಹತ್ತು ವಾಕ್ಯಕ್ಕೂ 'ಈಸಂಟ್ ಇಟ್' ಎಂಬ ಒಂದೇ ಬಾಲವನ್ನು ಪಕ್ಷಪಾತವಿಲ್ಲದೆ ಹಂಚಿದ್ದ.

"ಅನ್ಯಾಯ ನೋಡೇ ಇಂದ್ರಾಣಿ! ನಾವು 'ಅಲ್ವಾ' ಅಂತ ಒಂದೇ ಒಂದು ಇಟ್ಕೊಂಡು ಮುತ್ತಾತನ ಕಾಲದಿಂದ ಬಾಳಿಲ್ವಾ? ಮಳೆ ಬಂತು, ಅಲ್ವಾ? ಅವ್ನು ಬರ್ನಿಲ್ಲ, ಅಲ್ವಾ? ಎಲ್ಲಿ ಕೆಟ್ಟೋಯ್ತು ಲೋಕ? ಇವ್ರಿಗೆ ಅವನಿಗೊಂದು ಬಾಲ, ಅವಳಿಗೊಂದು ಬಾಲ, ನೆನ್ನೆಗೇ ಬೇರೆ, ನಾಳೆಗೇ ಬೇರೆ! ಮುಂದೆ ಹೌದು ಅಂದ್ರೆ ಹಿಂದೆ ಇಲ್ಲ ಅನ್ಬೇಕಂತೆ. ಇದೇನು ಭಾಷೆನೋ, ನಿನ್ ಜೊತೆ ಸಂಸಾರನೋ?"

"ಓಗ್ಲಿ ಬಿಡಿ ಅತ್ಲಾಗೆ, ಎರಡಾದ್ರೂ ಬಂದವಲ್ಲ" ಎಂದಳು ಇಂದ್ರಾಣಿ ಮುದ್ದೆ ತಿರುವುತ್ತಾ.

"ಬಿಡದಾ? ನಾಳೆ ರಜಾ ಹಾಕಿ ಸ್ಕೂಲಿಗೇ ಓಯ್ತೀನಿ!"

"ಅಪ್ಪಾ, ಬ್ಯಾಡಪ್ಪಾ" ಎಂದು ಕವನ ಅಮ್ಮನ ಮುಖ ನೋಡಿದಳು. ಅಮ್ಮ ಪಾತ್ರೆಯೊಳಗೆ ನೋಡಿದಳು.

ಮರುದಿನ ಕಾಂತರಾಜು ಇಸ್ತ್ರಿ ಮಾಡಿದ ಶರಟು ತೊಟ್ಟು ದಂಡಯಾತ್ರೆಗೆ ಹೊರಟ. ಜಗಳ ಜಾಸ್ತಿಯಾದರೆ ಕೈಹಿಡಿದು ಎಳೆಯಲು ಇಂದ್ರಾಣಿಯೂ ಹೊರಟಳು. ಟೀಚರುಗಳ ಕೋಣೆಯಲ್ಲಿ ಇಂಗ್ಲಿಷ್ ಮೇಡಂ ಸಂಘಮಿತ್ರಾ ಇಬ್ಬರಿಗೂ ಕುರ್ಚಿ ತೋರಿಸಿ ಕವನಳನ್ನೂ ಕರೆಸಿದರು. ಕಾಂತರಾಜು ಕೂರಲಿಲ್ಲ. ಕೂತರೆ ಸಿಟ್ಟು ಇಳಿದುಹೋದೀತೆಂಬ ಭಯ.

"ಏನ್ ಮೇಡಂ ಇದು? ಇಷ್ಟು ವರ್ಷದಿಂದ ಕಚೇರೀಲಿ ಇದೇ ಇಂಗ್ಲಿಷಲ್ಲಿ ಡ್ರಾಫ್ಟ್ ಹಾಕ್ತಿದೀನಿ, ಒಬ್ಬ ಸಾಹೇಬ್ರೂ ತುಟಿ ಪಿಟಕ್ ಅಂದಿಲ್ಲ. ನಾನ್ ಬರೆಸಿದ್ದಕ್ಕೆ ಎಂಟು ಕಡೆ ಇಂಟು ಹಾಕಿದೀರಲ್ಲ, ನ್ಯಾಯನಾ?"

ಬರೆಸಿದವನು ತಾನೆಂದು ತಾನೇ ಒಪ್ಪಿಕೊಂಡದ್ದು ಮಾತು ಬಾಯಿಂದ ಜಾರಿದ ಮೇಲೇ ಅವನಿಗೆ ಹೊಳೆದದ್ದು. ಅಕ್ಕಪಕ್ಕದ ಟೀಚರುಗಳ ಕೆಂಪು ಪೆನ್ನುಗಳು ನಿಂತವು.

"ಓ, ಅದು ನೀವಾ ಸರ್!" ಸಂಘಮಿತ್ರಾ ಮೇಡಂ ಮುಖ ಅರಳಿತು. "ಸದ್ಯ! ನಾನೆಷ್ಟು ತಲೆ ಕೆಡಿಸ್ಕೊಂಡಿದ್ದೆ ಗೊತ್ತಾ? ಕ್ಲಾಸಲ್ಲಿ ಕೇಳಿದ್ರೆ ಕವನ ಪಟಪಟ ಅಂತ ಎಲ್ಲಾ ಸರಿ ಹೇಳ್ತಾಳೆ. ಟೆಸ್ಟಲ್ಲಿ ಪೂರ್ತಿ ಮಾರ್ಕ್ಸು. ಹೋಂವರ್ಕ್ ಮಾತ್ರ ಹೀಗೆ. ಮನೇಲೇನೋ ತೊಂದ್ರೆ ಇರ್ಬೇಕು, ಒಂದ್ಸಲ ನಾನೇ ಬಂದು ನೋಡೋಣ ಅಂತಿದ್ದೆ."

ತೊಂದರೆ ಇಸ್ತ್ರಿ ಶರಟು ತೊಟ್ಟು ಎದುರಿಗೇ ನಿಂತಿತ್ತು.

"ಗೊತ್ತಿದ್ದೂ ಯಾಕವ್ವಾ ಇಂಗೆ ಬರ್ದೆ?" ಕಾಂತರಾಜುವಿನ ದನಿ ಅವನಿಗೇ ಕೇಳಿಸಲಿಲ್ಲ.

ಕವನ ಅಮ್ಮನ ಹಿಂದಕ್ಕೆ ಸರಿದಳು. "ಅಮ್ಮನೇ ಹೇಳಿದ್ದು... ಅಪ್ಪಂಗೆ ಇರದು ಅದೊಂದೇ ಕಣವ್ವ, ಹೇಳ್ದಂಗೆ ಬರ್ಕೊಂಡ್ಬುಡು ಅಂತ. ಪರೀಕ್ಷೇಲಿ ಹೆಂಗೂ ಅಪ್ಪ ಪಕ್ಕದಲ್ಲಿರಕಿಲ್ಲ ಅಂತ."

ಇಂದ್ರಾಣಿಗೆ ಇದ್ದಕ್ಕಿದ್ದಂತೆ ಗೋಡೆಯ ಮೇಲಿನ ಭೂಪಟದಲ್ಲಿ ಬಹಳ ಆಸಕ್ತಿ ಹುಟ್ಟಿತು.

ಗಂಡ ಹೆಂಡತಿ ಮನೆಗೆ ಬಂದರು. ಬಾಗಿಲ ಬಳಿ ಚಪ್ಪಲಿ ಬಿಡುತ್ತಾ ಕಾಂತರಾಜು ಕೇಳಿದ: "ಎಷ್ಟ್ ದಿನದಿಂದ ನಡೀತಾ ಅದೆ ಇದು?"

"ಅವಳ ಐದ್ನೇ ಕ್ಲಾಸಿಂದ. ಮಾರ್ಕ್ಸ್ ಹಾಕಿದ್ ನೋಟ್ಸು ನಿಮ್ ಕಣ್ಗೆ ಬೀಳ್ದಂಗೆ ಮಡಗ್ತಿದ್ದೊ, ಈ ಸಲ ತಪ್ಪೋಯ್ತು" ಎಂದಳು ಇಂದ್ರಾಣಿ. "ಅದುಕ್ಮುಂಚೆ ನೀವು ಹೇಳದು ಸರಿಯಾಗೇ ಇರ್ತಿತ್ತು."

ಕಾಂತರಾಜುವಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮೋಸ ಮಾಡಿದವರ ಮೇಲೆ ರೇಗಬಹುದು. ತನಗೋಸ್ಕರ ವಾರವಾರವೂ ಮಾರ್ಕ್ಸು ಕಳೆದುಕೊಂಡ ಮಗಳ ಮೇಲೆ ಹೇಗೆ ರೇಗುವುದು? ಬೇರೆ ದಾರಿ ಕಾಣದೆ ಅವನು ಫ್ಯಾನಿನ ಮೇಲೆ ರೇಗಿದ.

ಸಂಜೆ ಕವನ ನೋಟ್ಸು ಹಿಡಿದು ಬಂದಳು. "ಅಪ್ಪಾ, ನಾಳೆಗೆ ಪ್ಯಾಸಿವ್ ವಾಯ್ಸು. ಹೇಳ್ಕೊಡ್ತೀಯಾ?"

"ನಿಜವಾಗ್ಲೂ ಗೊತ್ತಿಲ್ವಾ, ಇಲ್ಲ ನಿಮ್ಮವ್ವ ಕಳ್ಸಿದ್ಲಾ?"

"ನಿಜವಾಗ್ಲೂ ಗೊತ್ತಿಲ್ಲಪ್ಪ" ಎಂದಳು ಅಡುಗೆಮನೆಯ ಕಡೆ ನೋಡುತ್ತಾ.

"ಇಷ್ಟೂ ಗೊತ್ತಿಲ್ವಾ? ಕ್ಲಾಸಲ್ಲಿ ಏನ್ ಮಾಡ್ತಿರ್ತೀಯ ಮತ್ತೆ?" ಎಂದು ಗದರಿಸಿ ಕಾಂತರಾಜು ಕುರ್ಚಿ ಎಳೆದುಕೊಂಡ, ಗಂಟಲು ಸರಿಮಾಡಿಕೊಂಡ. "ಹೂಂ, ಬರ್ಕೊ."

ಕವನ ಪೆನ್ನು ಕೆಳಗಿಟ್ಟು ಪೆನ್ಸಿಲ್ಲೂ ರಬ್ಬರೂ ತೆಗೆದುಕೊಂಡಳು.