ಬತ್ತಿ ಹೊಸೆದ ಗಾಳಿ

ನನ್ನ ತಮ್ಮ ಹಾಲೇಶನ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರು ಬೆವರಿನಲ್ಲೇ ತೊಯ್ದುಹೋಗುತ್ತಿದ್ದರು. ಅದಕ್ಕೆಂದೇ ನಮ್ಮನೆಯವರು ತಂಪುಗಾಳಿ ಯಂತ್ರ ಕಟ್ಟಿದರು. ಇಂಥ ತಲೆ ಇಡೀ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ; ಹೆಂಡತಿ ಅಂತ ಹೇಳುತ್ತಿಲ್ಲ.

"ಮೇಲಿನ ಫ್ಯಾನು ತಣ್ಣನೆ ಗಾಳಿಯನ್ನ ಆ ಕಡೆ ತಳ್ಳುತ್ತೆ. ಕೆಳಗಿನದು ಭಟ್ಟಿಯ ಬಿಸಿಗಾಳಿಯನ್ನ ಈ ಕಡೆ," ಎಂದು ಎಲ್ಲರಿಗೂ ತೋರಿಸಿದರು.

"ಭಾವ, ಈಗಲೇ ಬಿದರಕೆರೆ ಮದುವೆಮನೆಗೆ ಈ ರಾಶಿಯೆಲ್ಲ ಹೋಗಬೇಕು. ಒಂದು ಚೀಲ ಹಾಳಾದರೂ ನಿಮ್ಮ ಶೆಡ್ಡಿನ ಸಾಮಾನೆಲ್ಲ ಗುಜರಿಗೆ," ಎಂದ ಹಾಲೇಶ.

"ಹಾಕಪ್ಪ. ಮೇಲೆ ನನ್ನನ್ನೂ ಕೂರಿಸು."

ಸ್ವಿಚ್ಚು ಒತ್ತಿದರು. ಮೊದಲು ಹಾಯೆನಿಸಿತು. ಆಮೇಲೆ ಮಂಡಕ್ಕಿ ರಾಶಿಯ ಮೇಲೆ ಗಾಳಿ ಅಡ್ಡಡ್ಡ ಉರುಳತೊಡಗಿತು. ದಿನಾ ಬೆಳಗ್ಗೆ ನಾನು ದೇವರಿಗೆ ಬತ್ತಿ ಹೊಸೆಯುವುದಿಲ್ಲವೆ, ಒಂದು ಅಂಗೈ ಮುಂದೆ, ಒಂದು ಅಂಗೈ ಹಿಂದೆ, ಹಾಗೆ. ಭಟ್ಟಿಯ ಕಾವು ಆ ಬತ್ತಿಯನ್ನು ಕೆಳಗಿನಿಂದ ಎತ್ತಿ ನೆಟ್ಟಗೆ ನಿಲ್ಲಿಸಿಬಿಟ್ಟಿತು!

"ಸುಂಟರಗಾಳಿ," ಎಂದರು ಇವರು, ಮಗುವಿನ ಮುಖ ಮೊದಲ ಸಲ ನೋಡಿದವರಂತೆ. "ಅಮೆರಿಕದ ಬಯಲಲ್ಲಿ, ಬಂಗಾಳದ ಕಡೆ, ಮೋಡದ ಹೊಟ್ಟೇಲಿ ಹೀಗೇ ಹುಟ್ಟೋದು. ಅಲ್ಲಿ ಊರಗಲದ ಮೋಡ ಬೇಕು. ನನಗೆ ಎರಡು ಫ್ಯಾನು ಸಾಕಾಯ್ತು."

"ಭಾವ, ಮೊದಲು ಆರಿಸಿ!"

ಆರಿಸಿದರು. ಗಾಳಿ ಕೇಳಬೇಕಲ್ಲ. ರಾಶಿಗೆ ರಾಶಿಯೇ ಚಾವಣಿಯ ಹೆಂಚು ಸರಿಸಿಕೊಂಡು, ಬೆಳ್ಳನೆ ಕಂಬವಾಗಿ ಎದ್ದು, ಬಿದರಕೆರೆ ರಸ್ತೆ ಹಿಡಿಯಿತು. ಬಸ್‌ಸ್ಟ್ಯಾಂಡಿನಲ್ಲಿ ನಾಗವೇಣಕ್ಕ ಮಂಡಕ್ಕಿ ಕಲಸಿ ಮಾರುವ ಗಿರ್ಮಿಟ್ ಅಂಗಡಿಯ ಮೇಲೆ ಹಾಯ್ದು, ಹೆಚ್ಚಿಟ್ಟ ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ, ಕೊತ್ತಂಬರಿ ಎಲ್ಲ ಬಳಿದುಕೊಂಡು ಸುತ್ತುತ್ತ ಸುತ್ತುತ್ತ ಮರೆಯಾಯಿತು.

ಹಾಲೇಶ ಶೆಡ್ಡಿಗೆ ಹೋಗಿ ಇವರ ಸ್ಪ್ಯಾನರುಗಳನ್ನು ಖಾಲಿ ಚೀಲಕ್ಕೆ ತುಂಬತೊಡಗಿದ. ಇವರೂ ತಡೆಯಲಿಲ್ಲ.

ಅಷ್ಟರಲ್ಲಿ ಮದುವೆ ಹೆಣ್ಣಿನ ಅಪ್ಪನ ಫೋನು ಬಂತು. ಹಾಲೇಶ ಸ್ಪೀಕರಿಗೆ ಹಾಕಿದ.

"ಹಾಲೇಶಪ್ಪ, ಮಂಡಕ್ಕಿ ನೇರವಾಗಿ ಪಂಕ್ತಿಯ ಎಲೆ ಮೇಲೇ ಇಳೀತಲ್ಲಪ್ಪ. ಅದೂ ಕಲಸಿ ಕಳಿಸಿದ್ದೀಯ. ಬೀಗರು ಎರಡೆರಡು ಸಲ ಕೇಳಿ ಹಾಕಿಸ್ಕೊಂಡ್ರು. ಕಲಸಿದ ಕೈ ಯಾರದು?"

"ನಮ್ಮನೆಯವರದು," ಎಂದೆ ನಾನು, ತಮ್ಮನಿಗಿಂತ ಮೊದಲೇ.

"ಒಂದೇ ಕೊರತೆ ತಾಯಿ. ನಿಂಬೆಹುಳಿ ಇರಲಿಲ್ಲ."

ಹಾಲೇಶ ಸ್ಪ್ಯಾನರುಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿಟ್ಟ. ಇವರು ಮಾತ್ರ ಚಾವಣಿಯ ತೂತನ್ನೇ ನೋಡುತ್ತ ನಿಂತಿದ್ದರು.

"ನಿಂಬೆಹಣ್ಣು ಭಾರ," ಎಂದರು ಕೊನೆಗೆ. "ಅದಕ್ಕೆ ಇನ್ನೊಂದು ಫ್ಯಾನು ಬೇಕಾಗುತ್ತೆ."